ನೇಮಕ ಮಾಸ್ತರಿಗೆ, ಕೆಲಸ ಅಕ್ಕಾರಿಗೆ: ಗೋವಾದಲ್ಲಿ ಹಿರಿಯ ದಂಪತಿಗಳ ಸಭಾ ಸೇವೆ, ಒಂದು ಪ್ರಕರಣ ಅಧ್ಯಯನ

ಇದನ್ನು ಬರೆಯಲು ಆ ದಂಪತಿಗಳ ಒಪ್ಪಿಗೆ ಇದೆ. ಹೆಸರು ಹಾಕಿಲ್ಲ. ಬಡಾವಣೆಯ ಗುರುತು ಬಿಟ್ಟಿದ್ದೇನೆ, ಒಂದಿಬ್ಬರ ಕೆಲಸ, ವಯಸ್ಸು ಬದಲಿಸಿದ್ದೇನೆ. ಓಣಿಯವರು ಕರೆಯುತ್ತಿದ್ದ ಹಾಗೆ ನಾನೂ ಅವರನ್ನು ಮಾಸ್ತರು, ಅಕ್ಕಾರು ಅಂತಲೇ ಕರೆಯುತ್ತೇನೆ. ಅವರನ್ನು ಗೋವಾಕ್ಕೆ ಸೇವೆಗೆ ಕಳಿಸಿದ ನಮ್ಮ ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಸಮಿತಿಯಲ್ಲಿ ನಾನೂ ಇದ್ದೆ. ನಿವೃತ್ತರಾದವರನ್ನು ಸೇವೆಗೆ ಕಳಿಸಬೇಕು ಅನ್ನುವ ಮಾತು ಈಗ ಬೇರೆ ಸಭೆಗಳಲ್ಲೂ ಕೇಳಿಬರುತ್ತಿದೆ. ಅವರ ಕೈಗೆ ಇದು ಸಿಕ್ಕರೆ ಒಳ್ಳೆಯದು.

ಹಿನ್ನೆಲೆ

ಮಾಸ್ತರಿಗೆ ಆಗ 66 ವರ್ಷ, ಅಕ್ಕಾರಿಗೆ 62. ಗದಗ ಕಡೆಯವರು. ಮಾಸ್ತರು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಅಕ್ಕಾರು ನರ್ಸ್, ಬಹುಕಾಲ ಹೆರಿಗೆ ವಾರ್ಡಿನಲ್ಲೇ ಇದ್ದವರು. ಮಕ್ಕಳಿಬ್ಬರೂ ದೂರದ ಊರಲ್ಲಿ ನೌಕರಿಯಲ್ಲಿದ್ದಾರೆ. ಪೆನ್ಷನ್ ಬರುತ್ತದೆ, ಸ್ವಂತ ಮನೆ ಇದೆ, ಸಾಲ ಇಲ್ಲ. ಮಾಸ್ತರಿಗೆ ಸಕ್ಕರೆ ಕಾಯಿಲೆ, ಅಕ್ಕಾರಿಗೆ ಮೊಣಕಾಲು ನೋವು. ಇಂಥ ಜೋಡಿ ನಮ್ಮ ಯಾವ ಸಭೆಗೆ ಹೋದರೂ ಬೆಂಚಿಗೊಂದು ಸಿಗುತ್ತದೆ.

ಉತ್ತರ ಕರ್ನಾಟಕದ ನಮ್ಮ ಸಭೆಗಳ ಬೇರು ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಬಾಸೆಲ್ ಮಿಷನ್ನಿನದು. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಆಗಿನ ಮಿಷನರಿ ಮದುವೆಯಾಗಲು ಬಾಸೆಲಿನ ಕಮಿಟಿಯ ಒಪ್ಪಿಗೆ ಬೇಕಿತ್ತು. ಎಷ್ಟೋ ಸಲ ಹೆಣ್ಣನ್ನೂ ಯುರೋಪಿನಿಂದಲೇ ಹಡಗು ಹತ್ತಿಸಿ ಕಳಿಸುತ್ತಿದ್ದರು. ಆ ಹೆಂಗಸರು ಇಲ್ಲಿ ಬಂದು ಹೆಣ್ಣುಮಕ್ಕಳಿಗೆ ಓದು, ಹೊಲಿಗೆ ಕಲಿಸಿದರು, ಬಾಣಂತಿಯರನ್ನು ನೋಡಿಕೊಂಡರು. ಕಾಗದದಲ್ಲಿ ಮಾತ್ರ ಅವರು ಮಿಷನರಿಯ ಹೆಂಡತಿ, ಅಷ್ಟೇ. ಇದನ್ನು ಯಾಕೆ ಹೇಳಿದೆ ಅಂದರೆ, ನಾವು ಮಾಸ್ತರಿಗೆ ಕೊಟ್ಟ ನೇಮಕ ಪತ್ರದಲ್ಲೂ ಅವರ ಹೆಸರಿನ ಮುಂದೆ ‘ಪತ್ನಿ ಸಮೇತ’ ಅಂತಲೇ ಇತ್ತು. ನಡುವೆ ಇಷ್ಟು ಕಾಲ ಹೋದರೂ ಪತ್ರ ಬರೆಯುವ ರೂಢಿ ಬದಲಾಗಿರಲಿಲ್ಲ.

ಹಿರಿಯರನ್ನು ಹೀಗೆ ಕಳಿಸುವುದು ಬೇರೆ ಕಡೆ ಹೊಸದೇನಲ್ಲ. ಮಾರ್ಮನ್ನರು ಅಂತ ನಾವು ಕೇಳಿರುವ, ಅಮೆರಿಕದಲ್ಲಿ ಹುಟ್ಟಿದ ಎಲ್‌ಡಿಎಸ್ ಸಭೆಯಲ್ಲಿ ನಿವೃತ್ತ ದಂಪತಿಗಳು ಆರು ತಿಂಗಳಿಂದ 23 ತಿಂಗಳವರೆಗೆ ಹೋಗುತ್ತಾರೆ. ಖರ್ಚು ಅವರದ್ದೇ. ಹರೆಯದ ಹುಡುಗರ ಹಾಗೆ ಮನೆಮನೆ ಬಾಗಿಲು ತಟ್ಟುವ ಕೆಲಸ ಅವರಿಗಿಲ್ಲ. ಗಂಡ, ಹೆಂಡತಿ ಇಬ್ಬರನ್ನೂ ಮಿಷನರಿ ಅಂತಲೇ ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮ ಏರ್ಪಾಡು ಬೇರೆ ಥರ: ಎರಡು ವರ್ಷ, ಮನೆ ಬಾಡಿಗೆ ಮತ್ತು ರೈಲಿನ ಖರ್ಚು ಸಭೆಯದು, ಊಟ ಮತ್ತು ಔಷಧಿ ಅವರದು.

ಕಳಿಸಿದ್ದು ವಾಸ್ಕೋ ಸುತ್ತಿನ ಒಂದು ಬಡಾವಣೆಗೆ. 1961ರಲ್ಲಿ ಗೋವಾ ಬಿಡುಗಡೆಯಾದ ಮೇಲೆ ಹಡಗಿನ ಬಂದರು, ಅದಿರು, ರಸ್ತೆ, ಕಟ್ಟಡ ಅಂತ ಕೆಲಸ ಹುಡುಕಿಕೊಂಡು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದವರು ಘಟ್ಟ ಇಳಿದರು. 2011ರ ಜನಗಣತಿಯಲ್ಲಿ ಗೋವಾದ ನೂರು ಜನರಲ್ಲಿ ನಾಲ್ಕಕ್ಕಿಂತ ಜಾಸ್ತಿ ಜನ ಕನ್ನಡ ತಾಯ್ನುಡಿ ಅಂತ ಬರೆಸಿದ್ದಾರೆ. ವಾಸ್ಕೋ ಕಡೆ ಓಣಿಗೆ ಓಣಿಯೇ ಕನ್ನಡದ್ದು. 2012ರಲ್ಲಿ ಗಣಿ ನಿಂತಾಗ ಅದಿರಿನ ಲಾರಿ ನಂಬಿಕೊಂಡಿದ್ದ ಕೆಲವರು ಗಾರೆ ಕೆಲಸಕ್ಕೆ ತಿರುಗಿದರು. ಈ ಓಣಿಯಲ್ಲಿ ಲಿಂಗಾಯತರು, ಕುರುಬರು, ಲಂಬಾಣಿಗರು, ಮುಸಲ್ಮಾನರು ಎಲ್ಲರೂ ಇದ್ದಾರೆ. ನಮ್ಮ ಸಭೆಗೆ ಸೇರಿದ ಮನೆಗಳು ಬೆರಳೆಣಿಕೆಯಷ್ಟು.

ಸಮಸ್ಯೆ

ಮನೆ ಮೊದಲ ಮಹಡಿಯಲ್ಲಿತ್ತು. ಎರಡು ಕೋಣೆ, ಹೊರಗಿನಿಂದ ಕಡಿದಾದ ಮೆಟ್ಟಿಲು. ನೀರು ದಿನ ಬಿಟ್ಟು ದಿನ, ಅದೂ ಬೆಳಗಿನ ಜಾವ. ಗದಗ ಕಡೆ ವರ್ಷವಿಡೀ ಬೀಳುವುದು 600 ಮಿಲಿಮೀಟರ್ ಆಸುಪಾಸಿನ ಮಳೆ. ಗೋವಾದ ಕರಾವಳಿಯಲ್ಲಿ 3000ದ ಹತ್ತಿರ. ಜೂನ್ ತಿಂಗಳಲ್ಲೇ ಅಕ್ಕಾರು ಒಯ್ದಿದ್ದ ಶೇಂಗಾ ಚಟ್ನಿ ಪುಡಿ ಗಂಟು ಕಟ್ಟಿತು. ಜೋಳದ ಹಿಟ್ಟಿಗೆ ವಾಸನೆ ಬಂತು. ಮಾಸ್ತರ ಚಪ್ಪಲಿ ಮೇಲೆ ಬಿಳಿ ಬೂಸ್ಟು. ಒಗೆದ ಸೀರೆ ಮೂರು ದಿನವಾದರೂ ಒಣಗುತ್ತಿರಲಿಲ್ಲ. ಇವೆಲ್ಲ ಸಣ್ಣ ವಿಷಯ ಅನ್ನಿಸಬಹುದು. ಆದರೆ ಅರವತ್ತು ದಾಟಿದವರಿಗೆ ರೊಟ್ಟಿ ತಟ್ಟಲು ಹಿಟ್ಟು ಸರಿ ಇಲ್ಲ ಅಂದರೆ ದಿನವೇ ಸರಿ ಇಲ್ಲ. ಮೊದಲ ಮಳೆಗಾಲದಲ್ಲಿ ಅವರು ವಾಪಸ್ ಬರುವ ಮಾತಾಡಿದ್ದು ಪ್ರಾರ್ಥನೆಗೆ ಜನ ಬರಲಿಲ್ಲ ಅಂತಲ್ಲ, ಬಟ್ಟೆ ಒಣಗಲಿಲ್ಲ ಅಂತ.

ಪ್ರಾರ್ಥನೆಗೂ ಜನ ಬರುತ್ತಿರಲಿಲ್ಲ, ಅದು ಬೇರೆ ಮಾತು. ಮಾಸ್ತರು ಊರಿಂದ ಹೊರಡುವಾಗಲೇ ಒಂದು ವೇಳಾಪಟ್ಟಿ ಮಾಡಿದ್ದರು. ವಾರದಲ್ಲಿ ನಾಲ್ಕು ಸಂಜೆ ಮನೆ ಪ್ರಾರ್ಥನೆ, ಭಾನುವಾರ ಸಂಡೇ ಸ್ಕೂಲ್, ಉಳಿದ ದಿನ ಮನೆ ಭೇಟಿ. ಓಣಿಯ ದಿನ ಆ ಪಟ್ಟಿಗೆ ಹೊಂದುತ್ತಲೇ ಇರಲಿಲ್ಲ. ಗಂಡಸರು ಬೆಳಿಗ್ಗೆ ಏಳಕ್ಕೆಲ್ಲ ನಾಕಾದಲ್ಲಿ ಮೇಸ್ತ್ರಿಗಾಗಿ ಕಾಯುತ್ತಾರೆ. ವಾಪಸ್ ಬರುವುದು ರಾತ್ರಿ ಎಂಟಕ್ಕೆ. ಹೆಂಗಸರಲ್ಲೂ ಅರ್ಧ ಜನ ಕಟ್ಟಡದಲ್ಲೋ ಫ್ಲಾಟುಗಳಲ್ಲಿ ಮನೆಗೆಲಸಕ್ಕೋ ಹೋಗುತ್ತಾರೆ. ಭಾನುವಾರ ಸಂತೆ, ಬಟ್ಟೆ ಒಗೆಯುವುದು, ಊರಿಗೆ ಫೋನು. ಮಾಸ್ತರ ರಿಜಿಸ್ಟರಿನಲ್ಲಿ ಅದೇ ಐದಾರು ಹೆಸರು ತಿರುಗಿ ತಿರುಗಿ ಬರುತ್ತಿದ್ದವು.

ಇನ್ನೊಂದು ಕಡೆ ಸಂಶಯ. ಮನೆ ಮಾಲಕಿ ಗೋವಾದ ಕ್ಯಾಥೋಲಿಕ್ ಹೆಂಗಸು. ಗೋಡೆ ಮೇಲೆ ಮೇರಿ ಮಾತೆಯ ಚಿತ್ರ ಇಲ್ಲ, ಇವರು ಚರ್ಚಿನ ಪ್ರಾರ್ಥನೆಗೆ ಬರುವುದಿಲ್ಲ, ಮತ್ತೆ ಇವರೆಂಥ ಕ್ರೈಸ್ತರು ಅಂತ ಆಕೆಗೆ ಅರ್ಥವಾಗಲಿಲ್ಲ. ಓಣಿಯವರಿಗೆ ಉಲ್ಟಾ ಅನುಮಾನ: ಈ ವಯಸ್ಸಿನಲ್ಲಿ ಮಕ್ಕಳ ಮನೆ ಬಿಟ್ಟು ಇಲ್ಲಿಗೆ ಬಂದು ಕೂತಿದ್ದಾರೆ ಅಂದರೆ ಯಾರೋ ದುಡ್ಡು ಕೊಡುತ್ತಿರಬೇಕು, ಮತಾಂತರಕ್ಕೇ ಬಂದಿರಬೇಕು. ಸಾಲದ್ದಕ್ಕೆ ಮಹದಾಯಿ ನೀರನ್ನು ಮಲಪ್ರಭೆಗೆ ತಿರುಗಿಸುವ ಬಗ್ಗೆ ಎರಡೂ ರಾಜ್ಯಗಳ ಗಲಾಟೆ. ನೀರಿನ ಸುದ್ದಿ ಟಿವಿಯಲ್ಲಿ ಬಂದ ದಿನ ಕರ್ನಾಟಕದವರು ಅಂದರೆ ಅಂಗಡಿಯವರೂ ಮುಖ ಬಿಗಿ ಹಿಡಿಯುತ್ತಾರೆ. ಮಾಸ್ತರದು ಮಲಪ್ರಭೆಯ ನೀರು ಕುಡಿದ ಊರು ಬೇರೆ!

ಮೂರನೆಯದನ್ನು ಯಾರೂ ಎಣಿಸಿರಲಿಲ್ಲ. ಮಾಸ್ತರು ನಿವೃತ್ತಿಯಾದ ಮೇಲೂ ಊರಲ್ಲಿ ಬೆಳಿಗ್ಗೆ ಮನೆ ಬಿಟ್ಟರೆ ಮಧ್ಯಾಹ್ನ ಊಟಕ್ಕೇ ಬರುತ್ತಿದ್ದವರು. ಲೈಬ್ರರಿ, ಸಭೆಯ ಆಫೀಸು, ಹಳೆಯ ಸ್ನೇಹಿತರು. ಇಲ್ಲಿ ಇಬ್ಬರೂ ಎರಡು ಕೋಣೆಯಲ್ಲಿ ಬೆಳಗಿಂದ ರಾತ್ರಿವರೆಗೆ ಎದುರುಬದುರು. ಅಕ್ಕಾರು ಒಮ್ಮೆ ನನಗೆ ನಗುತ್ತಲೇ ಅಂದರು: “ಮೂವತ್ತೆಂಟು ವರ್ಷ ಸಂಸಾರ ಮಾಡೀನಿ, ಆದ್ರ ಇವರು ಇಡೀ ದಿನಾ ಮನ್ಯಾಗ ಇದ್ದದ್ದು ಇದೇ ಮೊದಲು ನೋಡ್ರಿ.” ನಗು ಬಂತು. ಆದರೆ ಅದು ನಗುವ ಮಾತೊಂದೇ ಅಲ್ಲ.

ಏನೇನು ಮಾಡಿ ನೋಡಿದರು

ಮೊದಲು ಸಮಯ ಬದಲಿಸಿದರು. ಬೆಳಗಿನ ಜಾವದ ಪ್ರಾರ್ಥನೆ ಇಟ್ಟರೆ ಅದೇ ಹೊತ್ತಿಗೆ ನಳ ಬರುತ್ತದೆ. ಕೊಡ ಬಿಟ್ಟು ಯಾರು ಬರುತ್ತಾರೆ? ಆಮೇಲೆ ಭಾನುವಾರ ಮಧ್ಯಾಹ್ನ ಪ್ರಾರ್ಥನೆಯ ಜೊತೆ ಊಟ ಇಟ್ಟರು. ಅನ್ನ, ಸಾರು, ಒಂದೊಂದು ಸಲ ಬಂಗಡೆ. ಜನ ಬಂದರು, ಮೆಟ್ಟಿಲ ಮೇಲೆಲ್ಲ ಕೂತರು. ರಿಜಿಸ್ಟರ್ ತುಂಬಿತು. ಸಮಿತಿಯಲ್ಲಿ ಆ ತಿಂಗಳ ವರದಿ ಓದಿದಾಗ ಖುಷಿಯೋ ಖುಷಿ. ಅಡುಗೆ ಮಾಡಿದ್ದು, ಪಾತ್ರೆ ತೊಳೆದಿದ್ದು, ರಾತ್ರಿ ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡಿದ್ದು ವರದಿಯಲ್ಲಿ ಇರಲಿಲ್ಲ.

ಊಟ ಜಾಸ್ತಿ ದಿನ ನಡೆಯಲಿಲ್ಲ. ಒಂದು ಸಂಜೆ ಓಣಿಯ ನಾಲ್ಕೈದು ಹುಡುಗರು ಬಂದು, ಊಟ ಹಾಕಿ ಜಾತಿ ಕೆಡಿಸುತ್ತೀರಾ ಅಂತ ಮಾಸ್ತರನ್ನು ಕೇಳಿದರು. ಕೈ ಮಾಡಲಿಲ್ಲ, ದನಿ ಮಾತ್ರ ಜೋರಾಗಿತ್ತು. ಮಾಲಕಿ ಹೆದರಿ ಮನೆ ಖಾಲಿ ಮಾಡಿ ಅಂದಳು. ಇಲ್ಲಿ ಅವರ ಮುಂದೆ ಎರಡು ದಾರಿ ಇದ್ದವು. ಊಟದಲ್ಲಿ ತಪ್ಪೇನಿದೆ ಅಂತ ಪಟ್ಟು ಹಿಡಿಯುವುದು ಒಂದು. ಮಾಸ್ತರ ಮನಸ್ಸು ಅತ್ತ ಇತ್ತು. ಅಕ್ಕಾರು ಇನ್ನೊಂದು ಹೇಳಿದರು. ಊಟ ನಿಲ್ಲಿಸೋಣ. ಪ್ರಾರ್ಥನೆ ಭಾನುವಾರ ಸಂಜೆ ಒಂದೇ ಹೊತ್ತು ಇರಲಿ. ಬರುವವರು ಬರಲಿ, ಅದರ ಜೊತೆ ಇನ್ನೇನೂ ಬೇಡ. ಯಾರಾದರೂ ಬೇರೆ ಸಹಾಯ ಕೇಳಿ ಬಂದರೆ ಅವರಿಗೆ ಪ್ರಾರ್ಥನೆಯ ಮಾತು ಎತ್ತುವುದು ಬೇಡ, ಅವರೇ ಕೇಳಿದರೆ ಮಾತ್ರ.

ಇದು ಈ ಪ್ರಕರಣದ ಮೊದಲ ತಿರುವು. ಸಮಿತಿಯಲ್ಲಿ ಇದಕ್ಕೆ ವಿರೋಧ ಇತ್ತು. ಹಾಗಾದರೆ ಅವರನ್ನು ಕಳಿಸಿದ್ದು ಯಾಕೆ ಅಂತ ಒಬ್ಬ ಹಿರಿಯರು ಕೇಳಿದರು. ನನ್ನ ಅಭಿಪ್ರಾಯ ಆಗಲೂ ಈಗಲೂ ಒಂದೇ: ಹಸಿದವನ ತಟ್ಟೆಯ ಪಕ್ಕ ಬೈಬಲ್ ಇಟ್ಟರೆ, ಅವನು ಯಾವುದಕ್ಕಾಗಿ ಬಂದ ಅಂತ ನಮಗೂ ಗೊತ್ತಾಗುವುದಿಲ್ಲ, ಅವನಿಗೂ ಗೊತ್ತಾಗುವುದಿಲ್ಲ. ಎರಡನ್ನೂ ಬೇರೆ ಮಾಡಿದ ಮೇಲೆ ಭಾನುವಾರ ಏಳೆಂಟು ಜನ ಉಳಿದರು. ಆ ಏಳೆಂಟು ಜನ ಕೊನೆಯವರೆಗೂ ಬಿಡಲಿಲ್ಲ.

ಗಾರೆಯವನ ಬೆರಳು

ಕೆಲಸ ತಾನಾಗಿ ಬಂದದ್ದು ಒಬ್ಬ ಗಾರೆ ಕೆಲಸದವನ ಬೆರಳಿನಿಂದ. ಒಂದು ದೇಶ ಒಂದು ರೇಷನ್ ಕಾರ್ಡ್ ಯೋಜನೆಯಲ್ಲಿ ಕರ್ನಾಟಕದ ಕಾರ್ಡು ಇದ್ದವರು ಗೋವಾದಲ್ಲೂ ಅಕ್ಕಿ ತೆಗೆದುಕೊಳ್ಳಬಹುದು. ಈ ಎರಡೂ ರಾಜ್ಯ 2020ರ ಜನವರಿಯಿಂದಲೇ ಅದರಲ್ಲಿವೆ. ಕೇಂದ್ರದ ಪಾಲು ಎಲ್ಲಿ ಬೇಕಾದರೂ ಸಿಗುತ್ತದೆ, ರಾಜ್ಯ ಮೇಲೆ ಕೊಡುವುದು ಊರಲ್ಲಿ ಮಾತ್ರ. ಒಂದಷ್ಟು ಇಲ್ಲಿ ತೆಗೆದುಕೊಂಡು ಉಳಿದದ್ದನ್ನು ಊರಲ್ಲಿರುವ ಮನೆಯವರಿಗೆ ಬಿಡಲೂಬಹುದು. ಇವೆಲ್ಲ ಸರಿ. ಆದರೆ ಅಂಗಡಿಯ ಯಂತ್ರದ ಮೇಲೆ ಬೆರಳಿಟ್ಟರೆ ಅದು ಒಪ್ಪಬೇಕಲ್ಲ.

ಇವನ ಬೆರಳು ಒಪ್ಪಲಿಲ್ಲ. ವರ್ಷಗಟ್ಟಲೆ ಸಿಮೆಂಟು, ಸುಣ್ಣ ಹಿಡಿದು ಬೆರಳ ತುದಿ ನುಣುಪಾಗಿತ್ತು, ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಅವನು ಅಕ್ಕಾರ ಹತ್ತಿರ ಬಂದದ್ದು ಬಿರುಕಿಗೆ ಮುಲಾಮು ಕೇಳಲು. “ಬೆರಳ ಗೆರಿ ಎಲ್ಲಾ ಸವದ ಹೋಗ್ಯಾವ್ರಿ ಅಕ್ಕಾರ, ನಾ ಯಾರು ಅಂತ ಮಷಿನ್ನಿಗೇ ತಿಳೀವಲ್ದು” ಅಂದ. ಅಕ್ಕಾರು ಅವನ ಎರಡೂ ಕೈ ದೀಪದ ಕೆಳಗೆ ಹಿಡಿದು ಒಂದೊಂದೇ ಬೆರಳು ನೋಡಿದರು. ಬಲಗೈ ಪೂರಾ ಹೋಗಿತ್ತು. ಎಡಗೈಯ ಉಂಗುರದ ಬೆರಳಿನಲ್ಲಿ ಗೆರೆ ಇನ್ನೂ ಉಳಿದಿದ್ದವು, ಕರಣೆ ಹಿಡಿಯುವಾಗ ಆ ಬೆರಳಿಗೆ ಕೆಲಸ ಇಲ್ಲ ನೋಡಿ. ಎರಡು ದಿನ ಸಿಮೆಂಟು ಮುಟ್ಟಬೇಡ, ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ವ್ಯಾಸಲೀನ್ ಹಚ್ಚು, ಬೆಳಿಗ್ಗೆ ಚೆನ್ನಾಗಿ ಒರೆಸಿ ಆ ಬೆರಳನ್ನೇ ಇಡು ಅಂದರು. ಒಂದು ದಿನ ಮಾತ್ರ ಕೆಲಸ ಬಿಡಲಾಯಿತು ಅವನಿಗೆ. ಆದರೂ ಯಂತ್ರ ಒಪ್ಪಿತು.

ಮುಂದಿನ ವಾರದಿಂದ ಅಕ್ಕಾರ ಅಡುಗೆಮನೆ ಮೇಜಿನ ಸುತ್ತ ಕೈಗಳೇ ಕೈಗಳು. ಬೆರಳಿನ ಹಿಂದೆ ಕಾಗದ ಬಂತು. ಆಧಾರಿಗೆ ಹಳೆಯ ಮೊಬೈಲ್ ನಂಬರ್ ಇದೆ, ಅದು ಈಗ ಇಲ್ಲ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿ ಆಗಬೇಕು. ಅದಕ್ಕೆ 18ರಿಂದ 60 ವರ್ಷದೊಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ ಪುರಾವೆ ಬೇಕು. ದಿನಕ್ಕೊಬ್ಬ ಮೇಸ್ತ್ರಿಯ ಹಿಂದೆ ಹೋಗುವವನಿಗೆ ಆ ಪುರಾವೆ ಕೊಡುವವರು ಯಾರು? ಗೋವಾ ಸರಕಾರದ ದೀನ್ ದಯಾಳ್ ಆರೋಗ್ಯ ಯೋಜನೆಗೆ ಐದು ವರ್ಷದಿಂದ ಇಲ್ಲೇ ಇದ್ದೇವೆ ಅಂತ ತೋರಿಸಬೇಕು. ಹತ್ತು ವರ್ಷದಿಂದ ಇದ್ದವರ ಹತ್ತಿರವೂ ಬಾಡಿಗೆ ಕರಾರು ಇರುವುದಿಲ್ಲ.

ಬೆರಳು, ಬಾಣಂತಿ, ಬಿಪಿ ಅಕ್ಕಾರ ಪಾಲಿಗೆ ಬಂದವು. ಫಾರ್ಮ್ ತುಂಬುವುದು ಮಾಸ್ತರ ಪಾಲಿಗೆ ಬಂತು. ಸಂಜೆ ಹೊತ್ತು ಮಾಸ್ತರು ಮಕ್ಕಳಿಗೆ ಪಾಠ ಶುರು ಮಾಡಿದರು. ಗೋವಾದ ಸರಕಾರಿ ಪ್ರಾಥಮಿಕ ಶಾಲೆ ದೇಶಭಾಷೆಯಲ್ಲಿ ನಾಲ್ಕನೆಯವರೆಗೆ, ಐದನೆಯಿಂದ ಇಂಗ್ಲಿಷ್. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಹಿಂದಿ, ಶಾಲೆಯಲ್ಲಿ ಕೊಂಕಣಿಯೋ ಮರಾಠಿಯೋ ಕಲಿತ ಮಗು ಐದನೆಯಲ್ಲಿ ಗಣಿತದ ಲೆಕ್ಕವನ್ನೇ ಓದಲಾರದು. ಲೆಕ್ಕ ಬರುತ್ತದೆ, ಏನು ಕೇಳಿದ್ದಾರೆ ಅನ್ನುವುದು ತಿಳಿಯುವುದಿಲ್ಲ. ಮಾಸ್ತರು ಲೆಕ್ಕವನ್ನು ಮೊದಲು ಕನ್ನಡದಲ್ಲಿ ಹೇಳಿ ಬಿಡಿಸಿ, ಆಮೇಲೆ ಇಂಗ್ಲಿಷಿನಲ್ಲಿ ಓದಿಸುತ್ತಿದ್ದರು. ಜಗಳಕ್ಕೆ ಬಂದ ಹುಡುಗರಲ್ಲಿ ಒಬ್ಬನ ತಮ್ಮನೂ ಈ ಪಾಠಕ್ಕೆ ಬರುತ್ತಿದ್ದ. ಮನೆ ಖಾಲಿ ಮಾಡಿಸುವ ಮಾತು ಅಲ್ಲಿಗೆ ನಿಂತಿತು.

ದುಡ್ಡಿನ ವಿಷಯ ಒಂದು ಮಾತು. ಸಾಲ ಕೊಡಬಾರದು ಅಂತ ಅವರಿಬ್ಬರೇ ನಿಯಮ ಮಾಡಿಕೊಂಡಿದ್ದರು. ಒಂದೇ ಸಲ ಮುರಿದರು. ಸಭೆಗೇ ಸೇರಿದ ಮನೆ, ಆಸ್ಪತ್ರೆ ಖರ್ಚು, ಇಲ್ಲ ಅನ್ನಲಾಗಲಿಲ್ಲ. ತೀರಿಸಲು ಆಗದೆ ಆ ಮನೆಯವರು ಮೊದಲು ಭಾನುವಾರ ಬರುವುದನ್ನು ಬಿಟ್ಟರು, ಆಮೇಲೆ ದಾರಿಯಲ್ಲಿ ಸಿಕ್ಕರೂ ಪಕ್ಕಕ್ಕೆ ಸರಿಯತೊಡಗಿದರು. ದುಡ್ಡು ಬೇಡ ಅಂತ ಹೇಳಿ ಕಳಿಸಿದರೂ ಬರಲಿಲ್ಲ. ಸಾಲ ಕೊಡುವ ಮುಂಚೆ ಅವರು ಪ್ರತಿ ಭಾನುವಾರ ಬರುತ್ತಿದ್ದವರು.

ತೆರೆದ ಬಾಗಿಲು

ಎರಡನೆಯ ತಿರುವು ಮೊದಲ ವರ್ಷದ ಕೊನೆಗೆ ಬಂತು. ಅಷ್ಟೊತ್ತಿಗೆ ಬಾಗಿಲು ಮುಚ್ಚುವ ಹೊತ್ತೇ ಇರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಬ್ಬರು, ಮಧ್ಯಾಹ್ನ ಹೆಂಗಸರು, ರಾತ್ರಿ ಹತ್ತಕ್ಕೆ ಮಗುವಿಗೆ ಜ್ವರ ಅಂತ ಇನ್ನೊಬ್ಬರು. ಆ ದಿನ ಅಕ್ಕಾರು ಒಬ್ಬ ಗರ್ಭಿಣಿಯ ಜೊತೆ ಆಸ್ಪತ್ರೆಗೆ ಹೋಗಿದ್ದರು. ಹೊರಡುವಾಗ ಸಾರು, ಅನ್ನ ಮುಚ್ಚಿಟ್ಟಿದ್ದರು. ಮಾಸ್ತರು ಊಟಕ್ಕೆ ಮುಂಚಿನ ಸಕ್ಕರೆ ಮಾತ್ರೆ ನುಂಗಿದರು. ಅಷ್ಟರಲ್ಲಿ ಮೂರು ಜನ ಫಾರ್ಮ್ ಹಿಡಿದುಕೊಂಡು ಬಂದರು. ಇದೊಂದು ಮುಗಿಸಿ ಉಣ್ಣೋಣ ಅಂತ ಕೂತರು. ಒಂದು ಎರಡಾಯಿತು.

ಮೊದಲು ಗೊತ್ತು ಹಿಡಿದದ್ದು ಐದನೆ ಕ್ಲಾಸಿನ ಒಬ್ಬ ಹುಡುಗ. ಆಧಾರ್ ನಂಬರಿಗೆ ಹನ್ನೆರಡು ಅಂಕಿ. ಮಾಸ್ತರು ಹದಿಮೂರು ಬರೆದಿದ್ದರು. “ಮಾಸ್ತರ, ಒಂದು ಅಂಕಿ ಜಾಸ್ತಿ ಬರದೀರಿ” ಅಂದ. ಮಾಸ್ತರು ಮತ್ತೆ ಬರೆದರು, ಮತ್ತೆ ತಪ್ಪಿತು. ಮುಖ ತುಂಬಾ ಬೆವರು, ಮಾತು ತೊದಲುತ್ತಿತ್ತು. ಕುರ್ಚಿಯಿಂದ ಪಕ್ಕಕ್ಕೆ ವಾಲಿದರು. ಪಕ್ಕದ ಮನೆಯ ಹೆಂಗಸು ಓಡಿ ಬಂದು ಸಕ್ಕರೆ ನೀರು ಕುಡಿಸಿದಳು. ಸಕ್ಕರೆ ಇಳಿದರೆ ಹೀಗೆ ಮಾಡಬೇಕು, ಎಚ್ಚರ ಇದ್ದರೆ ಮಾತ್ರ ಕುಡಿಸಬೇಕು ಅಂತ ಅಕ್ಕಾರೇ ಆ ಹೆಂಗಸರಿಗೆ ಹಿಂದೆ ಹೇಳಿದ್ದರು. ಮಾಲಕಿ ಕಾರು ತೆಗೆದಳು. ಖಾಲಿ ಮಾಡಿ ಅಂದಿದ್ದಳಲ್ಲ, ಅದೇ ಹೆಂಗಸು.

ಮಾಸ್ತರು ಸಂಜೆಗೆ ಸರಿಹೋದರು. ಸಮಿತಿಯಲ್ಲಿ ಮಾತ್ರ ದೊಡ್ಡ ಚರ್ಚೆ. ಕರೆಸಿಬಿಡೋಣ ಅನ್ನುವವರೇ ಜಾಸ್ತಿ. ಇಬ್ಬರನ್ನೂ ಕೇಳೋಣ ಅಂತ ಒಬ್ಬರು ಅಂದರು. ಬೇರೆಬೇರೆಯಾಗಿ ಕೇಳೋಣ ಅಂತ ಇನ್ನೊಬ್ಬರು ಸೇರಿಸಿದರು, ಆಕೆ ನಮ್ಮ ಸಮಿತಿಯಲ್ಲಿದ್ದ ಒಬ್ಬಳೇ ಹೆಂಗಸು. ಹೊರಡುವ ಮುಂಚೆ ನಾವು ಮಾತಾಡಿಸಿದ್ದು ಮಾಸ್ತರನ್ನು, ಅಕ್ಕಾರು ಪಕ್ಕದಲ್ಲಿ ಕೂತು ತಲೆ ಆಡಿಸಿದ್ದರು ಅಷ್ಟೇ. ಈ ಸಲ ಕೇಳಿದಾಗ ಮಾಸ್ತರು, ಸಮಿತಿ ಹೇಳಿದ ಹಾಗೆ ಅಂದರು. ಅಕ್ಕಾರು ಹಾಗನ್ನಲಿಲ್ಲ. ಬರುವುದಿಲ್ಲ, ಆದರೆ ಹೀಗೆ ಇರುವುದೂ ಇಲ್ಲ ಅಂದರು. ಅವರ ಬೇಡಿಕೆ ಸ್ಪಷ್ಟವಾಗಿತ್ತು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಮುಚ್ಚಬೇಕು, ಯಾರು ಬಂದರೂ. ಎರಡು ತಿಂಗಳಿಗೊಮ್ಮೆ ಒಂದು ವಾರ ಊರಿಗೆ ಹೋಗಬೇಕು. ಮನೆ ನೆಲಮಹಡಿಗೆ ಬದಲಾಗಬೇಕು. ಕೊನೆಯದಾಗಿ, ವರದಿಯಲ್ಲಿ ನನ್ನ ಕೆಲಸ ನಾನೇ ಬರೆಯುತ್ತೇನೆ.

ಎರಡನೆಯ ವರ್ಷದ ಪತ್ರದಲ್ಲಿ ಎರಡು ಹೆಸರು ಇದ್ದವು.

ಏನಾಯಿತು

ಬಾಗಿಲಿಗೆ ರಟ್ಟಿನ ಮೇಲೆ ಹೊತ್ತು ಬರೆದು ತೂಗು ಹಾಕಿದರು. ಮೊದಲ ವಾರ ಜನ ಅದನ್ನು ಓದಿಯೂ ಬಾಗಿಲು ಬಡಿದರು. ಅಕ್ಕಾರು ತೆಗೆಯಲಿಲ್ಲ. ಒಳಗೆ ಕೂತು ಕೇಳಿಸಿಕೊಂಡು ಸುಮ್ನೆ ಇರುವುದೇ ಎಲ್ಲಕ್ಕಿಂತ ಕಷ್ಟ ಆಯಿತು ಅಂತ ಆಮೇಲೆ ಹೇಳಿದರು. ತುರ್ತು ಇದ್ದರೆ 108ಕ್ಕೆ ಫೋನ್ ಮಾಡಿ ಅಂತ ರಟ್ಟಿನಲ್ಲೇ ಬರೆದಿದ್ದರು, ಅದೂ ಜನರಿಗೆ ರೂಢಿಯಾಯಿತು. ತಿಂಗಳೊಪ್ಪತ್ತಿನಲ್ಲಿ ಓಣಿಯ ಮಕ್ಕಳೇ ಬಂದವರಿಗೆ “ನಾಕಕ್ಕ ಬರ್ರಿ” ಅಂತ ಹೇಳಿ ಕಳಿಸುತ್ತಿದ್ದರು.

ಊರಿನ ಪ್ರಯಾಣ ಅಂದುಕೊಂಡದ್ದಕ್ಕಿಂತ ದೊಡ್ಡ ಕೆಲಸ ಮಾಡಿತು. ವಾಸ್ಕೋದಿಂದ ರೈಲು ಕುಳೆಂ ದಾಟಿ ಘಟ್ಟ ಹತ್ತಿ, ದೂಧಸಾಗರದ ಮುಂದೆ ಹಾದು, ಕ್ಯಾಸಲ್‌ರಾಕ್, ಲೋಂಡಾ ಮೇಲೆ ಹುಬ್ಬಳ್ಳಿಗೆ ಬರುತ್ತದೆ. ಓಣಿಯ ಜನ ಇವರ ಕೈಯಲ್ಲಿ ಊರಿಗೆ ಔಷಧಿ ಚೀಟಿ, ಕಾಗದ, ಮಕ್ಕಳ ಬಟ್ಟೆ ಕಳಿಸತೊಡಗಿದರು. ವಾಪಸ್ ಬರುವಾಗ ಇವರು ಜಾತಿ ಪ್ರಮಾಣಪತ್ರ, ಶಾಲೆಯ ಟಿಸಿ, ಒಣ ಮೆಣಸಿನಕಾಯಿ ತರುತ್ತಿದ್ದರು. ಎಷ್ಟೋ ಅರ್ಜಿ ಅಡ್ಡ ಬಿದ್ದಿದ್ದದ್ದು ಊರಿನ ಒಂದು ಕಾಗದಕ್ಕಾಗಿ. ದಿನಗೂಲಿಯವರು ಅದಕ್ಕಾಗಿ ಮೂರು ದಿನದ ಕೂಲಿ ಬಿಟ್ಟು ಹೋಗಲಾರರು. ರಜೆ ಅಂತ ಕೊಟ್ಟ ವಾರ ಇಷ್ಟು ಕೆಲಸಕ್ಕೆ ಬಂತು. ಆಮೇಲೆ ಅದನ್ನೂ ಅಕ್ಕಾರು ಮಿತಿಗೊಳಿಸಬೇಕಾಯಿತು ಅನ್ನಿ, ಚೀಲ ಹೊರುವವರು ಮಾಸ್ತರೇ ಅಲ್ವಾ.

ಇಬ್ಬರ ನಡುವೆಯೂ ಬದಲಾಯಿತು. ಮಾಸ್ತರು ಬೆಳಿಗ್ಗೆ ಹತ್ತಕ್ಕೆ ಮನೆ ಬಿಟ್ಟು ಪಂಚಾಯತಿ, ಸೈಬರ್ ಅಂಗಡಿ, ರೇಷನ್ ಅಂಗಡಿ ಸುತ್ತಿ ಮಧ್ಯಾಹ್ನ ಊಟಕ್ಕೆ ಬರತೊಡಗಿದರು, ಊರಲ್ಲಿ ಇದ್ದ ಹಾಗೆ. ಅಷ್ಟು ಹೊತ್ತು ಮೇಜು, ಮನೆ ಎರಡೂ ಅಕ್ಕಾರದ್ದು. ಜಗಳ ಕಡಿಮೆಯಾಯಿತು ಅಂತ ಅವರೇ ಹೇಳಿದರು. ಪ್ರೀತಿ ಹೆಚ್ಚಾಯಿತು ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎರಡು ವರ್ಷ ಮುಗಿದಾಗ ಭಾನುವಾರದ ಪ್ರಾರ್ಥನೆ ದೊಡ್ಡದಾಗಿರಲಿಲ್ಲ. ಬಾಪ್ತಿಸ್ಮಗಳ ಲೆಕ್ಕ ಕೇಳಿದವರಿಗೆ ಹೇಳಲು ಏನೂ ಇರಲಿಲ್ಲ. ಮೇಜಿನ ಕೆಲಸವನ್ನು ಓಣಿಯದೇ ಒಬ್ಬ ಹುಡುಗಿ ಮುಂದುವರಿಸಿದಳು. ಪಿಯುಸಿ ಓದಿದವಳು, ಮುಸಲ್ಮಾನರ ಮನೆಯವಳು. ಅಕ್ಕಾರ ಜೊತೆ ಕೂತು ಕೂತು ಎಲ್ಲ ಫಾರ್ಮೂ ಅವಳಿಗೆ ಬಾಯಿಪಾಠ. ಮಾಸ್ತರ ಪಾಠ ಮಾತ್ರ ಅವರು ಹೊರಟ ಮೇಲೆ ನಿಂತೇ ಹೋಯಿತು. ಅದನ್ನು ಹಿಡಿಯುವವರು ಯಾರೂ ಸಿಗಲಿಲ್ಲ. ಮಾಸ್ತರು ತಾವೇ ಎಲ್ಲ ಕಲಿಸುತ್ತಿದ್ದರು, ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಂಡಿರಲಿಲ್ಲ. ಅಕ್ಕಾರಿಗೆ ಮೊಣಕಾಲು ನೋವು, ಒಂದು ಡಬ್ಬಿ ಬೇಕಾದರೂ ಇನ್ನೊಬ್ಬರು ಎದ್ದು ತರಬೇಕು. ಹಾಗೆ ತಂದುಕೊಟ್ಟವರೇ ಕೆಲಸ ಕಲಿತರು.

ಕಳಿಸುವವರಿಗೆ

ನಮ್ಮಲ್ಲಿ ಈಗ ಬದಲಾಗಿರುವುದು ಕೆಲವೇ ವಿಷಯ. ಗಂಡನನ್ನೂ ಹೆಂಡತಿಯನ್ನೂ ಬೇರೆಬೇರೆ ಕೂರಿಸಿ ಮಾತಾಡಿಸುತ್ತೇವೆ. ಹೆ‌ಂಡತಿ ‘ಇವರು ಹೋದರೆ ನಾನೂ’ ಅಂದರೆ ಆ ಜೋಡಿಯನ್ನು ಕಳಿಸುವುದಿಲ್ಲ. ಇದಕ್ಕೆ ಬೇಜಾರು ಮಾಡಿಕೊಂಡವರು ಇದ್ದಾರೆ. ಆದರೆ ಹಿರಿಯರು ನಡೆಸುವ ಸೇವೆ ಮನೆಯಲ್ಲೇ ನಡೆಯುತ್ತದೆ. ಮನೆಯ ಭಾರ ಯಾರ ಮೇಲಿದೆಯೋ ಅವರ ಒಪ್ಪಿಗೆ ಮೊದಲು ಬೇಕು. ಸಭೆಗಳಲ್ಲಿ ಇದನ್ನು ಒಪ್ಪಿಸುವುದು ಈಗಲೂ ಸುಲಭವಲ್ಲ. ಮಾಸ್ತರಂಥವರ ಹೆಸರು ಗೊತ್ತಿರುತ್ತದೆ, ಅಕ್ಕಾರಂಥವರ ಅಡುಗೆ ಮಾತ್ರ ಗೊತ್ತಿರುತ್ತದೆ.

ಮನೆ ನೋಡಲು ಮೊದಲು ಒಬ್ಬರು ಹೋಗಿ ಬರುತ್ತಾರೆ, ಅದೂ ಮಳೆಗಾಲದಲ್ಲಿ. ಡಿಸೆಂಬರಿನ ಗೋವಾ ನೋಡಿ ಬಾಡಿಗೆ ಮಾತಾಡಬಾರದು. ಊರಿಗೆ ಬರುವ ರೈಲಿನ ಖರ್ಚನ್ನು ರಜೆ ಅಂತ ಅಲ್ಲ, ಕೆಲಸದ ಖರ್ಚು ಅಂತಲೇ ಬರೆಯುತ್ತೇವೆ. ವರದಿಯಲ್ಲಿ ಹಾಜರಾತಿಯ ಕಾಲಂ ತೆಗೆದಿದ್ದೇವೆ. ಅದರ ಜಾಗದಲ್ಲಿ ಈ ತಿಂಗಳು ಯಾವುದನ್ನು ಬೇಡ ಅಂದಿರಿ ಅಂತ ಒಂದು ಪ್ರಶ್ನೆ ಇದೆ. ಹಿರಿಯರು ಅದನ್ನು ಖಾಲಿ ಬಿಟ್ಟರೆ ಫೋನ್ ಮಾಡುತ್ತೇವೆ.

ಈಗ ಅದೇ ಓಣಿಗೆ ಬೇರೆ ಜೋಡಿ ಹೋಗಿದೆ. ಈ ಅಮ್ಮ ಅಕ್ಕಾರ ಹಾಗಲ್ಲ. ತನ್ನ ಅಡುಗೆಮನೆಯಲ್ಲಿ ಯಾರ ಕಾಗದವನ್ನೂ ಇಡಗೊಡುವುದಿಲ್ಲ ಅಂತ ಮೊದಲ ದಿನವೇ ಹೇಳಿದರು. ಹಾಗಾಗಿ ಬೀದಿಗೆ ಮುಖ ಮಾಡಿದ ಒಂದು ಸಣ್ಣ ಮಳಿಗೆ ಬಾಡಿಗೆಗೆ ಹಿಡಿದಿದ್ದೇವೆ. ಆ ಹುಡುಗಿ ಸಂಜೆ ಅಲ್ಲಿ ಕೂರುತ್ತಾಳೆ. ಬಾಡಿಗೆಯ ಅರ್ಧ ಓಣಿಯವರೇ ಪಟ್ಟಿ ಹಾಕಿ ಕೊಡುತ್ತಿದ್ದಾರೆ. ಉಳಿದರ್ಧವನ್ನು ಸಭೆಯ ಯಾವ ಲೆಕ್ಕಕ್ಕೆ ಹಾಕಬೇಕು ಅನ್ನುವುದರ ಮೇಲೆ ಸಮಿತಿಯಲ್ಲಿ ಇನ್ನೂ ಒಮ್ಮತ ಇಲ್ಲ. ಸದ್ಯಕ್ಕೆ ‘ಇತರೆ’ ಅಂತ ಬರೆದಿದ್ದೇವೆ.